ದೇವೀರಿಯ ಬಾಗಿಲು ಮಾತು

ನಮ್ಮೂರಿಗೆ ಕೆರೆಯಿಂದ ಏಳುವ ಬಿಳಿ ಮಬ್ಬು ಇಂಥ ಹೊತ್ತಿಗೇ ಬರುತ್ತದೆ ಅಂತ ಇಲ್ಲ. ಬೆಳಿಗ್ಗೆ ಹಾಲು ಕರೆಯುವಾಗಲೂ ಬಂದದ್ದುಂಟು, ಮಧ್ಯಾಹ್ನ ಮುದ್ದೆ ತಿರುವುವಾಗಲೂ ಬಂದದ್ದುಂಟು. ಮೊದಲು ಕೆರೆ ಕಡೆಯ ಕಾಗೆಗಳು ಸುಮ್ಮನಾಗುತ್ತವೆ. ಆಮೇಲೆ ಹಸಿ ಜೊಂಡಿನ ವಾಸನೆ ಬೀದಿಯೊಳಗೆ ಬರುತ್ತದೆ, ಯಾರೋ ಆಗ ತಾನೆ ಕೊಯ್ದು ತಂದು ಮನೆ ಮುಂದೆ ಹೊರೆ ಇಳಿಸಿದ ಹಾಗೆ. ಕೆರೆ ಏರಿಯ ಹತ್ತಿರದ ಮನೆಯವರು ತಗಡು ಬಡಿಯುತ್ತಾರೆ. ಆಗ ಎಲ್ಲಿದ್ದವರು ಅಲ್ಲಿಂದ ಹತ್ತಿರದ ಬಾಗಿಲಿಗೆ ಓಡಬೇಕು. ಅದು ಯಾರ ಮನೆ, ಅವರಿಗೂ ನಮಗೂ ಮಾತಿದೆಯೋ ಇಲ್ಲವೋ ಅಂತೆಲ್ಲ ನೋಡುವ ಹಾಗಿಲ್ಲ. ತಗಡಿನ ಸದ್ದಿಗೆ ಒಳಗಿನವರು ಅಗಳಿ ಹಾಕಿಕೊಂಡಿರುತ್ತಾರೆ. ಹೊರಗೆ ನಿಂತವರು ತಮ್ಮ ಹೆಸರು, ತಾಯಿಯ ಹೆಸರು, ಮನೆಯ ಹೆಸರು ಮೂರನ್ನೂ ಒಂದೇ ಉಸಿರಿಗೆ ಹೇಳಬೇಕು. ಇದಕ್ಕೆ ಬಾಗಿಲು ಮಾತು ಅನ್ನುತ್ತೇವೆ. ಮಾತು ಪೂರ್ತಿಯಾದರೆ ಒಳಗಿನವರು "ಕೇಳ್ತು, ಬಾ" ಅಂದು ಅಗಳಿ ತೆಗೆಯುತ್ತಾರೆ. ತೆಗೆಯದೆ ಇರುವ ಹಾಗಿಲ್ಲ. ಗದ್ದೆ ಬದುವಿನ ಜಗಳಕ್ಕೆ ಕೊಡಲಿ ಎತ್ತಿದ್ದ ದಾಯಾದಿಗಳೂ ಮಬ್ಬಿನಲ್ಲಿ ಒಬ್ಬರ ಮನೆಯಲ್ಲಿ ಒಬ್ಬರು ಕೂತು, ಮುಖ ಆಚೆ ತಿರುಗಿಸಿಕೊಂಡೇ ಮಜ್ಜಿಗೆ ಕುಡಿದು ಹೋದದ್ದನ್ನು ನಾನು ನೋಡಿದ್ದೇನೆ.

ಮಬ್ಬಿನಲ್ಲಿ ಊರವರಲ್ಲದೆ ಬೇರೆಯವರೂ ಕರೆಯುತ್ತಾರೆ. ಅವರಿಗೆ ನಾವು ಹೆಸರಿಟ್ಟಿಲ್ಲ. 'ಅವರು' ಅನ್ನುತ್ತೇವೆ, ಅಷ್ಟೆ. ಅವರ ಮಾತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ. ಬ, ಬ, ಬ ಅಂತಲೋ, ಕ, ಕ ಅಂತಲೋ, ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಷ್ಟು ಹತ್ತಿರದಿಂದ ಕೇಳುತ್ತದೆ. ಮೂರು ಸಲ ಕೇಳಿಯೂ ಮಾತು ಮುಂದೆ ಹೋಗದಿದ್ದರೆ ಒಳಗಿನವರು ಗೋಡೆಗೆ ತಗುಲಿಹಾಕಿದ ಮೊರ ತೆಗೆದು ಬಡಿಯಲು ಶುರು ಮಾಡುತ್ತಾರೆ. ಮೊರದ ಸದ್ದಿಗೆ ಅದು ಮುಂದಿನ ಮನೆಗೆ ಹೋಗುತ್ತದೆ. ಅಲ್ಲೂ ಮೊರ. ಬಾಗಿಲು ತೆಗೆದರೆ ಏನಾಗುತ್ತದೆ ಅಂತ ಚಿಕ್ಕವಳಿದ್ದಾಗ ನಮ್ಮವ್ವನನ್ನು ಕೇಳಿದ್ದೆ. "ಏನಾಗುತ್ತೆ ಅಂತ ನೋಡಕ್ಕೆ ತೆಗೀಬೇಕೇನೇ? ಬಾಯ್ಮುಚ್ಚು" ಅಂದಿದ್ದಳು. ಊರಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಯಾಕೆಂದರೆ ಯಾರೂ ತೆಗೆದಿರಲಿಲ್ಲ.

ನನ್ನ ಮಗಳು ದೇವೀರಿಗೆ ಮಾತು ಬೇಗ ಬಂದಿತ್ತು. ಹಸು, ನಾಯಿ, ಜಗಲಿಯ ಕಂಬ, ಎಲ್ಲದರ ಹತ್ತಿರವೂ ಮಾತಾಡುವಳು. ನಾಲ್ಕು ತುಂಬಿದ ಮೇಲೆ ಒಂದು ಬೆಳಿಗ್ಗೆ ನೀರು ಕೇಳಲು ಬಂದವಳು 'ನ, ನ, ನ' ಅಂತ ನಿಂತುಬಿಟ್ಟಳು. ಕುತ್ತಿಗೆಯ ನರ ಎದ್ದಿತ್ತು, ಕಣ್ಣು ಮೇಲಕ್ಕೆ ಹೋಗಿತ್ತು, ಬಾಯಿ ಆಡುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಜಗಲಿಯಲ್ಲಿ ಚಾಪೆಗೆ ಜೊಂಡು ಹಸನು ಮಾಡುತ್ತಿದ್ದ ನಮ್ಮ ಯಜಮಾನರು ಬೆಟ್ಟಯ್ಯ ಕೈ ನಿಲ್ಲಿಸಿದರು. ಅವಳ ಮುಖ ನೋಡಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದರು. ಬಿಸಿಲು ಚೆನ್ನಾಗಿಯೇ ಇತ್ತು.

ಅದು ಹೋಗುತ್ತದೆ, ಮಕ್ಕಳಿಗೆ ಆಗುವುದೇ ಅಂದುಕೊಂಡೆವು. ಹೋಗಲಿಲ್ಲ. ಕೆಲವು ದಿನ ಸರಾಗ, ಕೆಲವು ದಿನ ಹೆಸರು ಹೇಳುವುದೂ ಕಷ್ಟ. ಹೆಸರೇ ಹೆಚ್ಚು ಕಷ್ಟ. ಹಾಡುವಾಗ ಸಿಕ್ಕಿಕೊಳ್ಳುತ್ತಿರಲಿಲ್ಲ, ಕರುವಿನ ಹತ್ತಿರ ಮಾತಾಡುವಾಗ ಸಿಕ್ಕಿಕೊಳ್ಳುತ್ತಿರಲಿಲ್ಲ. ಯಾರಾದರೂ ಎದುರು ನಿಂತು "ನಿನ್ ಹೆಸರೇನವ್ವಾ?" ಅಂದರೆ ಸಾಕು, ಅಲ್ಲಿಗೆ ನಿಂತಿತು.

ಅವಳಿಗೆ ಆರು ತುಂಬುವ ಮೊದಲು ಒಂದು ಮಧ್ಯಾಹ್ನ ತಗಡಿನ ಸದ್ದು ಕೇಳಿದಾಗ ನಾನು ಒಲೆ ಮುಂದೆ ಇದ್ದೆ. ದೇವೀರಿ ಬೀದಿಯ ಆ ತುದಿಯಲ್ಲಿ, ಕೊನೆಯ ಮನೆಯ ಮಂಚಕ್ಕನ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಅವರ ಜೊತೆಗೇ ಒಳಗೆ ಹೋಗಿರುತ್ತಾಳೆ ಅಂದುಕೊಂಡು ಅಗಳಿ ಹಾಕಿದೆ. ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಲ್ಲಿ 'ದ, ದ, ದ' ಅಂತ ಕೇಳಿತು. ಮೊರ ಬಡಿದರು. ಸದ್ದು ಅದರ ಈಚೆ ಮನೆಗೆ ಬಂತು. ಅಲ್ಲೂ ಮೊರ ಬಡಿದರು. ಹೀಗೆ ಒಂದೊಂದೇ ಬಾಗಿಲು ದಾಟಿ ಬರುತ್ತಿತ್ತು, ಬಂದಲ್ಲೆಲ್ಲ ಮೊರದ ಸದ್ದು ಏಳುತ್ತಿತ್ತು. ಆಮೇಲೆ ಆ ದನಿ ಅಳತೊಡಗಿತು. 'ಅವರು' ಅಳುವುದಿಲ್ಲ. "ದೇವೀರಿ!" ಅಂತ ಕೂಗಿ ನಾನು ಅಗಳಿ ತೆಗೆದು ಹೊರಗೆ ಓಡಿದೆ.

ಮಬ್ಬಿನಲ್ಲಿ ಕೈ ಚಾಚಿದರೆ ಮೊಣಕೈವರೆಗೆ ಕಾಣುತ್ತದೆ. ಅದರಾಚೆ ಕೈ ಇದೆ ಅನ್ನುವುದು ನಂಬಿಕೆ ಅಷ್ಟೆ. ಅಳುವ ದನಿ ಹಿಡಿದು ಹೋದೆ. ಚೌಡಜ್ಜಿಯ ಮನೆಯ ಮೆಟ್ಟಿಲ ಹತ್ತಿರ ತಣ್ಣಗಿನ ಸಣ್ಣ ಕೈಯೊಂದು ನನ್ನ ಸೆರಗು ಹಿಡಿಯಿತು. ಎತ್ತಿಕೊಂಡು ಬಂದು, ನಮ್ಮ ಬಾಗಿಲಲ್ಲಿ ನನ್ನ ಬಾಗಿಲು ಮಾತು ಹೇಳಿ, ಒಳಗೆ ಬಂದೆ. ಅಗಳಿ ತೆಗೆದ ಬೆಟ್ಟಯ್ಯ ದೀಪ ಹತ್ತಿರ ತಂದು ಅವಳ ಮೊಣಕಾಲು ನೋಡಿದರು. ಕರು ಒದ್ದ ಕಲೆ ಅಲ್ಲೇ ಇತ್ತು. ಎರಡು ಸಲ ನೋಡಿದರು.

ಚೌಡಜ್ಜಿ ನಮ್ಮ ಬೀದಿಗೆ ಹಿರಿಯಳು. ಯಾವ ಮಗು ಬಾಗಿಲು ಮಾತು ಕಲಿತಿದೆ, ಯಾವುದನ್ನು ಒಂಟಿಯಾಗಿ ಹೊರಗೆ ಬಿಡಬಹುದು ಅಂತ ಹೇಳುವವಳು ಅವಳೇ. ಮರುದಿನ ಕೋಲು ಊರಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತಳು.

"ನಿಂಗಾಜಿ, ಬೇಜಾರು ಮಾಡ್ಕಬ್ಯಾಡ. ನಿನ್ನೆ ನೀನು ಒಳಗೆ ಎತ್ಕಂಡು ಬಂದಿದ್ದು ನಿನ್ ಮಗಳೇ ಅಂತ ಹೆಂಗೆ ಹೇಳ್ತೀಯೇ?"

"ಹೆತ್ತೋಳಿಗೆ ಗೊತ್ತಾಗಲ್ವಾ ಅಜ್ಜಿ?"

"ಹೆತ್ತೋರೆಲ್ಲಾ ಹಂಗೇ ಹೇಳ್ತಾರೆ" ಅಂದು ಎಲೆ ಅಡಿಕೆ ಚೀಲ ಬಿಚ್ಚಿದಳು. "ಮಾತು ಸಿಕ್ಕಾಕ್ಕಳೋ ಮಗೀನ ನಾನು ಹೊರಗೆ ಬಿಡು ಅನ್ನಕ್ಕಾಗಲ್ಲ. ಒಳಗೇ ಇಟ್ಕ. ಚಾಪೆ ಕೆಲ್ಸ ಕಲ್ಸು. ಹೆಣ್ಮಗಳು, ಹೆಂಗೋ ಆಯ್ತದೆ."

ಅಜ್ಜಿ ಹೇಳಿದರೂ ನಾನು ಅವಳನ್ನು ಒಳಗೇ ಇಟ್ಟುಕೊಳ್ಳಲಿಲ್ಲ, ಆದರೆ ಆ ದಿನದಿಂದ ಬೀದಿ ಬದಲಾಯಿತು. ಯಾರೂ ಬೈಯಲಿಲ್ಲ, ಯಾರೂ ಜಗಳಕ್ಕೆ ಬರಲಿಲ್ಲ. ದೇವೀರಿ ಆಡಲು ಬಂದರೆ ಮಂಚಕ್ಕ ಏನಾದರೂ ಕೆಲಸ ಹೇಳಿ ಮಕ್ಕಳನ್ನು ಒಳಗೆ ಕರೆಯುತ್ತಿದ್ದಳು. ಶಾಲೆಯಲ್ಲಿ ಅವಳ ಚಾಪೆಯ ಮೇಲೆ ಅವಳೊಬ್ಬಳೇ ಕೂರುತ್ತಿದ್ದಳು. ಮನೆಯಲ್ಲಿ ಅವಳಪ್ಪ ಇದ್ದಕ್ಕಿದ್ದಂತೆ, "ನಮ್ ಕರು ಹೆಸರೇನವ್ವಾ?" ಅನ್ನುವರು. ಅವಳು ಶುರು ಮಾಡುವಳು, ಸಿಕ್ಕಿಕೊಳ್ಳುವಳು. ಅವರು ಅನ್ನ ಕಲಸುತ್ತಾ ಬೇರೆ ಕಡೆ ನೋಡುವರು. ಇದು ನನ್ನ ಮಗಳು ಹೌದೋ ಅಲ್ಲವೋ ಅಂತ ಕೇಳಿಕೊಳ್ಳುವ ಗಂಡಸಿನ ಜೊತೆ ಒಂದೇ ಸೂರಿನಡಿ ಇರುವುದು ಹೇಗಿರುತ್ತದೆ ಅಂತ ಹೇಳಲು ನನಗೆ ಬರುವುದಿಲ್ಲ. ಕೆಟ್ಟವರಲ್ಲ ಅವರು. ಅವಳು ಮಲಗಿದ ಮೇಲೆ ಹೊದಿಕೆ ಸರಿಮಾಡುತ್ತಿದ್ದರು, ಆದರೆ ಮುಖ ಮುಟ್ಟುತ್ತಿರಲಿಲ್ಲ.

ಗಂಟೆಯ ಉಪಾಯ ಅವರದೇ. ಸಂತೆಯಿಂದ ಕರುವಿನ ಕೊರಳಿಗೆ ಕಟ್ಟುವ ಪುಟ್ಟ ಗಂಟೆ ತಂದು ದೇವೀರಿಯ ಸೊಂಟಕ್ಕೆ ಕಟ್ಟಿದರು. "ಗಂಟೆ ಕೇಳಿದ್ರೆ ನಮ್ ಮಗಳು ಅಂತ ಬಾಗಿಲು ತೆಗೀರಿ" ಅಂತ ಮನೆಮನೆಗೆ ಹೇಳಿ ಬಂದರು. ದೇವೀರಿಗೆ ಅದು ಇಷ್ಟವಾಗಿ, ಬೇಕಂತಲೇ ಕುಣಿದುಕೊಂಡು ಓಡಾಡಿದಳು. ಜನವೂ ಒಪ್ಪಿದ್ದರು. ಮುಂದಿನ ಮಬ್ಬು ಬಂದಾಗ ಅವಳು ಒಳಗೆ ನನ್ನ ತೊಡೆಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದಳು. ಬೀದಿಯ ತುದಿಯಲ್ಲಿ ಗಂಟೆ ಕೇಳಿತು. ಆಮೇಲೆ ಇನ್ನೊಂದು, ಬಾವಿ ಕಟ್ಟೆಯ ಕಡೆಯಿಂದ. ಆಮೇಲೆ ನಮ್ಮ ಕಿಟಕಿಯ ಕೆಳಗೇ. ಅದರ ಜೊತೆ ಒಂದು ಅಳು, ಅವತ್ತು ಅವಳು ಅತ್ತ ಹಾಗೇ. ದೇವೀರಿ ಕಡಲೆ ಅಗಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ಬೆಟ್ಟಯ್ಯ ಬಂದು ಅವಳ ಸೊಂಟದ ದಾರ ಬಿಚ್ಚಿದರು. ಮಬ್ಬು ಸರಿದ ಮೇಲೆ ಗಂಟೆಯನ್ನು ಹಿತ್ತಲಲ್ಲಿ ಹೂತರು.

ನಾನು ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಮಾತಿನ ಡಾಕ್ಟರಮ್ಮ ಒಬ್ಬರಿದ್ದರು. ಚಿಕ್ಕ ಪ್ರಾಯ, ದೊಡ್ಡ ಕನ್ನಡಕ. ಹೆಸರು ಕೇಳಿ, ಕೈ ಕಟ್ಟಿಕೊಂಡು ಸುಮ್ಮನೆ ಕೂತರು. ದೇವೀರಿ 'ದ, ದ' ಅಂದಳು, ಕಾಲು ನೆಲಕ್ಕೆ ಬಡಿದಳು, ನನ್ನ ಕಡೆ ನೋಡಿದಳು. ಡಾಕ್ಟರಮ್ಮ ಅವಳ ಮುಖವನ್ನೇ ನೋಡುತ್ತಿದ್ದರು, ಬಸ್ಸಿಗೆ ಇನ್ನೂ ಹೊತ್ತಿದೆ ಅನ್ನುವವರ ಹಾಗೆ. ಕೊನೆಗೆ ಹೆಸರು ಬಂತು. "ಚೆನ್ನಾಗಿದೆ ಹೆಸರು" ಅಂದರು. ಅಷ್ಟು ದಿನದಲ್ಲಿ ಯಾರೂ ಅವಳಿಂದ ಪೂರ್ತಿ ಹೆಸರು ಕೇಳಿಸಿಕೊಂಡಿರಲಿಲ್ಲ.

"ಇದು ಉಗ್ಗು ಅಮ್ಮಾ. ನಿಮ್ಮಿಂದ ಆದದ್ದಲ್ಲ. ಉಸಿರು ಬಿಡುತ್ತಾ ಮೆಲ್ಲಗೆ ಮಾತು ಶುರು ಮಾಡೋದನ್ನ ಅವಳಿಗೆ ನಾನು ಕಲಿಸ್ತೀನಿ. ಕೇಳೋರಿಗೆ ನೀವು ಕಲಿಸ್ಬೇಕು. ಬೇಗ ಹೇಳು ಅನ್ನಬಾರದು. ಅವಳ ಮಾತನ್ನ ಬೇರೆಯವರು ಮುಗಿಸಬಾರದು. ಮುಖ ನೋಡ್ಕೊಂಡು ಕಾಯಬೇಕು."

"ನಮ್ಮೂರಲ್ಲಿ ನಡುವೆ ಬಾಗಿಲಿರುತ್ತೆ ತಾಯಿ" ಅಂದೆ.

ಅವರಿಗೆ ಅರ್ಥವಾಗಲಿಲ್ಲ. "ಬಾಗಿಲಿದ್ರೂ ಕಾಯಬಹುದಲ್ಲ?" ಅಂದರು.

ಬಸ್ಸಿನಲ್ಲಿ ಬರುತ್ತಾ ಇದನ್ನೇ ಯೋಚಿಸಿದೆ. ಗಂಟೆಯನ್ನು ಕದ್ದರು, ಅಳುವನ್ನು ಕದ್ದರು. ನಾಳೆ ಚಪ್ಪಾಳೆ ಅಂದರೆ ಚಪ್ಪಾಳೆಯನ್ನೂ ಕದಿಯುತ್ತಾರೆ. ಅವರಿಗೆ ಆಗದೆ ಇರುವುದು ಒಂದೇ, ಮಾತು ಮುಗಿಸುವುದು. ನನ್ನ ಮಗಳು ನಿಧಾನವಾಗಿಯಾದರೂ ಮುಗಿಸುತ್ತಾಳೆ. ಅಷ್ಟು ಹೊತ್ತು ಯಾರಾದರೂ ಮೊರ ಬಡಿಯದೆ ಇರಬೇಕು.

ಮಂಚಕ್ಕನ ಮನೆಯಿಂದ ಶುರು ಮಾಡಿದೆ. ಬಿಸಿಲಿನ ಹೊತ್ತು, ಮಬ್ಬಿನ ಸುಳಿವಿಲ್ಲ. ಅವಳನ್ನು ಬಾಗಿಲ ಒಳಗೆ ಕೂರಿಸಿ, ನಾನೂ ಪಕ್ಕದಲ್ಲಿ ಕೂತು, ದೇವೀರಿಯನ್ನು ಹೊರಗೆ ನಿಲ್ಲಿಸಿದೆ. ಅವಳು 'ದ' ಅನ್ನುವುದಕ್ಕೂ ಮಂಚಕ್ಕ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

"ಅಯ್ಯೋ ದೇವೀರಿ ಅಂತ ಹೇಳಿ ಮುಗ್ಸೇ ನಮ್ಮವ್ವಾ, ನನ್ ಸಾರು ಉಕ್ತಾ ಐತೆ!"

"ನ... ನೀನೇ ಹೇಳ್ಬಿಟ್ರೆ ನಾನ್ಯಾಕೆ ಬಿ... ಬಿಸ್ಲಲ್ಲಿ ನಿಂತಿರೋದು?" ಅಂತು ಹೊರಗಿನಿಂದ ದನಿ.

ಮಂಚಕ್ಕನಿಗೆ ನಗು ಬಂತು. ಆದರೂ ಅವಳಿಂದ ಸುಮ್ಮನೆ ಕೂರಲು ಆಗಲಿಲ್ಲ. ಆ ಸಿಕ್ಕಿಕೊಂಡ ಸದ್ದು ಕೇಳಿದರೆ ಕೈ ತಾನಾಗಿ ಗೋಡೆಯ ಕಡೆ ಹೋಗುತ್ತದೆ ಅಂದಳು. ಹುಟ್ಟಿದಾಗಿನಿಂದ ಆದ ಅಭ್ಯಾಸ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಅವಳ ಅರ್ಧ ಹೆಣೆದ ಚಾಪೆಯನ್ನೇ ಎಳೆದು ಬಾಗಿಲ ಮುಂದೆ ಹಾಕಿ, "ಅವಳು ಶುರು ಮಾಡಿದ ತಕ್ಷಣ ಒಂದು ಎಳೆ ಹಾಕು. ಹೆಣೀತಾ ಇರು. ಅವಳು ಮುಗಿಸೋಗಂಟ ತಲೆ ಎತ್ಬೇಡ" ಅಂದೆ. ಕೈಗೆ ಕೆಲಸ ಸಿಕ್ಕಿದ ಮೇಲೆ ಮಂಚಕ್ಕ ಬೇರೆಯೇ ಹೆಂಗಸಾದಳು. ದೇವೀರಿ ಸಿಕ್ಕಿಕೊಂಡಳು, ನಿಂತಳು, ಉಸಿರು ಬಿಟ್ಟಳು, ಮತ್ತೆ ಶುರು ಮಾಡಿದಳು. "ದೇವೀರಿ, ನಿಂಗಾಜಿ ಮಗಳು, ಗಾಣದ ಮನೆ." ಮಂಚಕ್ಕ ಎಳೆ ಬಿಗಿದು, ಉಗುರಿನಿಂದ ಒತ್ತಿ, "ಕೇಳ್ತು, ಬಾರವ್ವಾ" ಅಂದಳು.

ನಮ್ಮ ಬೀದಿಯಲ್ಲಿ ಚಾಪೆ ಹೆಣೆಯದ ಮನೆಯಿಲ್ಲ. ಹಾಗಾಗಿ ಇದು ಎಲ್ಲರಿಗೂ ಹೊಂದಿತು. ಮಧ್ಯಾಹ್ನದ ಹೊತ್ತು ಒಂದೊಂದು ಬಾಗಿಲಿಗೆ ಹೋಗುತ್ತಿದ್ದೆವು. ಕೆಲವರು, "ಗಂಟೆ ಕಥೆ ಆಯ್ತು, ಇನ್ನು ಚಾಪೆ ಕಥೆಯಾ?" ಅಂತ ಬಾಗಿಲು ಹಾಕಿಕೊಂಡರು. ಕೆಲವರು ನನ್ನ ಮೇಲಿನ ಅಯ್ಯೋ ಪಾಪಕ್ಕೆ ಕೂತರು. ಕೂತವರು ಮಾತ್ರ ಒಂದು ವಿಷಯ ಹೇಳಿದರು, ಮೊದಲ ಸಲ ಹೆದರಿಕೆ, ಆಮೇಲೆ ಬೇಜಾರು, ಆಮೇಲೆ ಏನೂ ಇಲ್ಲ, ಅವಳ ಮಾತು ಅವಳ ನಡಿಗೆಯ ಹಾಗೆ ಅಂತ. ಸಂತೆಯಲ್ಲಿ ನಮ್ಮ ಬೀದಿಯ ಚಾಪೆಗಳು ಮೊದಲಿಗಿಂತ ಬಿಗಿ ಅಂತ ಮಾತಾಯಿತು.

ಚೌಡಜ್ಜಿ ಮಾತ್ರ ಒಪ್ಪಲಿಲ್ಲ. "ನೀವು ಕಾಯೋದು ಕಲಿತರೆ ಅವೂ ಕಾಯ್ತವೆ" ಅನ್ನುತ್ತಿದ್ದಳು. ಒಂದು ದಿನ ಅವಳ ಜಗಲಿಯಲ್ಲಿ ದೇವೀರಿ ಅವಳಿಗೆ ಎಲೆ ಅಡಿಕೆ ಕುಟ್ಟಿಕೊಡುತ್ತಾ ಕೂತಿದ್ದವಳು, ಕುಟ್ಟಾಣಿ ನಿಲ್ಲಿಸಿ, "ಅಜ್ಜಿ, ನಿ... ನಿನ್ ಬಾಗಿಲು ಮಾತು ಹೇಳು ನೋಡಾನ" ಅಂದಳು.

"ನಂದೇನೇ ಮೂದೇವಿ? ನನ್ ಮಾತು ಇಡೀ ಊರಿಗೆ ಗೊತ್ತು" ಅಂದು ಅಜ್ಜಿ ಗತ್ತಿನಲ್ಲಿ ಶುರು ಮಾಡಿದಳು. ಹಲ್ಲೆಲ್ಲ ಉದುರಿದ ಬಾಯಿ. ಹೆಸರಿನ ಜಾಗದಲ್ಲಿ ಗಾಳಿ ಬಂತು, ತಾಯಿಯ ಹೆಸರಿನ ಜಾಗದಲ್ಲಿ ಸಿಳ್ಳೆ ಬಂತು, ಮನೆಯ ಹೆಸರಿಗೆ ಬರುವಷ್ಟರಲ್ಲಿ ಕೆಮ್ಮು ಬಂತು. ದೇವೀರಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅಜ್ಜಿಯೂ ನಕ್ಕಳು, ಆಮೇಲೆ ನಿಲ್ಲಿಸಿದಳು. ಬೀದಿಯ ಕಡೆ ನೋಡಿದಳು. "ನಾನು ಮಬ್ಬಲ್ಲಿ ಹೊರಗೆ ಹೋಗಿ ಬಾಳಾ ದಿನ ಆಯ್ತು ಕಣೆ ನಿಂಗಾಜಿ. ನಂಗೆ ಈಗ ಯಾರಾದ್ರೂ ತೆಗೀತಾರಾ?" ಅಂದಳು. ಮರುದಿನ ತನ್ನ ಬಾಗಿಲಿಗೆ ಬರಲು ದೇವೀರಿಗೆ ಹೇಳಿ ಕಳಿಸಿದಳು.

ಮಳೆಗಾಲ ಮುಗಿದ ಮೇಲೆ ಬಂದ ಮೊದಲ ಮಬ್ಬಿನಲ್ಲಿ ದೇವೀರಿ ಹೊರಗಿದ್ದಳು. ಮಂಚಕ್ಕನ ಬಾಗಿಲಿಗೆ ಹೋದಳು, ಹೇಳಿದಳು, ಸಿಕ್ಕಿಕೊಂಡಳು, ಮುಗಿಸಿದಳು, ಒಳಗೆ ಹೋಗಿ ಕಜ್ಜಾಯ ತಿಂದಳು. ಇನ್ನೊಂದು ಸಲ ನಮ್ಮ ಬಾಗಿಲಿಗೇ ಬಂದಳು. ಒಳಗೆ ಇದ್ದವರು ಬೆಟ್ಟಯ್ಯ ಒಬ್ಬರೇ. ನಾನು ಆಮೇಲೆ ಬಂದು ನೋಡಿದರೆ ಚಾಪೆಯಲ್ಲಿ ಒಂದು ಸಾಲು ಸೊಟ್ಟಗೆ ಹೆಣೆದು ಇಟ್ಟಿದ್ದರು. ಅವಳು ಅವರ ತೊಡೆಯ ಮೇಲೆ ಕೂತಿದ್ದಳು. ಅವರ ಕೈ ಅವಳ ತಲೆಯ ಮೇಲಿತ್ತು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಈಗ ಮಬ್ಬಿನಲ್ಲಿ ಬೀದಿ ನಿಶ್ಶಬ್ದವಾಗಿರುತ್ತಿತ್ತು. ಬರುತ್ತಿರುವುದು ದೇವೀರಿಯೋ ಏನೋ ಅಂತ ಯಾರೂ ಮೊರ ಮುಟ್ಟುತ್ತಿರಲಿಲ್ಲ. ಹಿಂದೆ ಮೊರದ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದುದೆಲ್ಲ ಈಗ ಕೇಳತೊಡಗಿತು. ಒಂದು 'ಬ' ಎಷ್ಟು ಹೊತ್ತು ಇರುತ್ತದೆ ಅಂತ ನಮಗೆ ಅದುವರೆಗೆ ಗೊತ್ತಿರಲಿಲ್ಲ. ನಡುವೆ ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಬಾಗಿಲಿಗೆ ಹಣೆ ಒರಗಿಸಿದ ಸಣ್ಣ ಸದ್ದು ಕೇಳುತ್ತಿತ್ತು.

ಒಂದು ಬೆಳಿಗ್ಗೆ ಮಂಚಕ್ಕ ಬಂದಳು. ಮುಖ ಬಾಡಿತ್ತು.

"ನಿಂಗಾಜಿ, ನಿನ್ನೆ ಬಂದಿದ್ದು ನಿನ್ ಮಗಳಲ್ಲ. 'ಕ, ಕ' ಅಂತಿತ್ತು. ನಾನು ಎಳೆ ಹಾಕ್ತಾ ಕೂತಿದ್ದೆ. ಮೊದ್ಲಾದ್ರೆ ಮೊರ ಬಡಿದ್ರೆ ಹೊರಟೋಗೋವು. ಈಗ ಹೋಗಲ್ಲ ಕಣೇ. ನಾನು ಹೆಣೆಯೋದು ನಿಲ್ಲಿಸಿದ್ರೆ ಅದೂ ನಿಲ್ಲಿಸುತ್ತೆ. ಎಳೆ ಎತ್ಕಂಡ್ರೆ ಮತ್ತೆ ಶುರು ಮಾಡುತ್ತೆ. ನಾನು ಕೇಳ್ತಾ ಇದೀನಿ ಅಂತ ಅದಕ್ಕೆ ಗೊತ್ತಾಗಿದೆ."

ಮಂಚಕ್ಕ ಒಬ್ಬಳೇ ಅಲ್ಲ, ಬೇರೆಯವರೂ ಇದನ್ನೇ ಹೇಳಿದರು. ಕಾದ ಮನೆಗಳಿಗೇ 'ಅವರು' ಮತ್ತೆ ಮತ್ತೆ ಬರುತ್ತಿದ್ದರು. ಚೌಡಜ್ಜಿಯ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿದರು. "ಒಂದು ಮಗೀಗೋಸ್ಕರ ಇಡೀ ಬೀದಿ ನಿದ್ದೆಗೆಡಕ್ಕಾಗಲ್ಲ ಬೆಟ್ಟಯ್ಯ" ಅಂದರು. ನಾನು ವಾದ ಮಾಡಿದೆ. ಬೆಟ್ಟಯ್ಯನೂ ಮಾತಾಡಿದರು, ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಗಲಿಲ್ಲ. ಬರುವ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಮೊರ ಬಡಿಯುವುದು, ದೇವೀರಿ ಶಾಲೆ ಬಿಟ್ಟು ಮನೆಯಲ್ಲಿರುವುದು ಅಂತ ತೀರ್ಮಾನವಾಯಿತು. ದೇವೀರಿ ಎದ್ದು ನಿಂತು, "ಅ... ಅ... ಅವರು..." ಅಂದಳು. ಮುಂದೆ ಕೂತಿದ್ದ ಒಬ್ಬರು, "ಅವರು ಬರ್ತಾರೆ ಅಂತ ತಾನೆ? ಗೊತ್ತು ಕಣವ್ವಾ, ಕೂತ್ಕ" ಅಂದರು. ಬಾಗಿಲು ನಡುವೆ ಇದ್ದಾಗ ಕಾಯಲು ಕಲಿತ ಜನ ಎದುರಿಗೆ ಕಾಯಲು ಮರೆತರು. ಅವಳು ಕೂತಳು.

ಮನೆಗೆ ನಡೆಯುತ್ತಾ, ಏನು ಹೇಳಲು ಹೋಗಿದ್ದೆ ಅಂತ ಕೇಳಿದೆ. "ಅವರೂ ಹೇ... ಹೇಳ್ತಾನೇ ಇದಾರೆ ಅವ್ವಾ. ಬರ್ತಾ ಇಲ್ಲ ಅಷ್ಟೆ" ಅಂದಳು. ಇದನ್ನು ಯಾರ ಹತ್ತಿರವೂ ಆಡಬೇಡ ಅಂತ ಅವಳ ಕೈ ಹಿಸುಕಿದೆ.

ಅಮಾವಾಸ್ಯೆಗೆ ಇನ್ನೂ ಎರಡು ದಿನ ಇರುವಾಗ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಮಬ್ಬು ಬಂತು. ನಾನು ಚೌಡಜ್ಜಿಯ ಮನೆಯಲ್ಲಿದ್ದೆ. ಅವಳ ಚಾಪೆಗೆ ಅಂಚು ಕಟ್ಟಿಕೊಡಲು ಹೋಗಿದ್ದವಳು. ಅಗಳಿ ಹಾಕಿ ಇಬ್ಬರೂ ಬಾಗಿಲ ಹತ್ತಿರ ಕೂತೆವು. ಕಾಲ ಸದ್ದು ಮೆಟ್ಟಿಲವರೆಗೆ ಬಂತು. 'ದ' ಅಂತ ಶುರುವಾಯಿತು. ಅಜ್ಜಿ ಎಳೆ ಎತ್ತಿಕೊಂಡಳು. ನಾನು ನೆಲ ನೋಡುತ್ತಾ ಕೂತೆ. ಅವತ್ತು ಬಹಳ ಹೊತ್ತು ಹಿಡಿಯಿತು. ಆದರೆ ಬಂತು, ಮೂರೂ ಬಂದವು, ಹೆಸರು, ನನ್ನ ಹೆಸರು, ಗಾಣದ ಮನೆ.

"ಕೇಳ್ತು, ಬಾ" ಅಂದು ಅಜ್ಜಿ ನನಗೆ ಅಗಳಿ ತೆಗೆಯಲು ಕಣ್ಸನ್ನೆ ಮಾಡಿದಳು. ನಾನು ಎದ್ದು ಅಗಳಿಯ ಮೇಲೆ ಕೈ ಇಟ್ಟೆ.

"ಅಜ್ಜಿ, ತ... ತಡಿ" ಅಂದಳು ದೇವೀರಿ ಹೊರಗಿನಿಂದ. "ನನ್ ಜೊತೆ ಇನ್ನೊಬ್ರಿದಾರೆ. ಅವರದು ಇನ್ನೂ ಮು... ಮುಗಿದಿಲ್ಲ."

ಅಜ್ಜಿಯ ಕೈಯಿಂದ ಎಳೆ ಜಾರಿತು. "ದೇವೀರಿ, ಯಾರು ಇನ್ನೊಬ್ರು?" ಅಂದೆ.

"ಗೊತ್ತಿಲ್ಲ ಅವ್ವಾ. ಹೇ... ಹೇಳ್ತಾ ಇದಾರೆ."

ಆಗ ಕೇಳಿತು. ಅವಳ ದನಿಯ ಪಕ್ಕದಲ್ಲೇ, ಸ್ವಲ್ಪ ಮೇಲಿನಿಂದ. ಹೊ, ಹೊ, ಹೊ. ಗಂಡಸಿನದೋ ಹೆಂಗಸಿನದೋ ಹೇಳಲು ಆಗುತ್ತಿರಲಿಲ್ಲ. ಬಹಳ ದಣಿದ ದನಿ.

"ನೀನೊಬ್ಳೇ ಬಾ ಕಂದಾ. ಬಾಗಿಲು ಒಂದಿಷ್ಟೇ ತೆಗೀತೀನಿ, ನುಗ್ಗಿ ಬಂದ್ಬಿಡು" ಅಂದೆ.

"ನನ್ ಕೈ ಹಿಡ್ಕಂಡಿದಾರೆ."

"ಬಿಡಿಸ್ಕೋ!"

"ಬಿಡಿಸ್ಕಬೋದು" ಅಂದಳು. ಅವಳ ದನಿಯಲ್ಲಿ ಭಯ ಇರಲಿಲ್ಲ. "ಮ... ಮಧ್ಯದಲ್ಲಿ ಬಿಟ್ರೆ ಮತ್ತೆ ಮೊದ್ಲಿಂದ ಶುರು ಮಾಡ್ಬೇಕಾಗುತ್ತೆ ಅವ್ವಾ. ಅದು ತುಂಬಾ ಕಷ್ಟ."

ನಾನು ಅಜ್ಜಿಯ ಕಡೆ ನೋಡಿದೆ. ಗೋಡೆಯ ಮೇಲೆ ಮೊರ ತೂಗುತ್ತಿತ್ತು. ಅದನ್ನು ಬಡಿದರೆ ಆ ದನಿ ಹೋಗುತ್ತದೆ, ಅದರ ಜೊತೆ ಅದು ಹಿಡಿದ ದೇವೀರಿಯ ಕೈಯೂ ಹೋಗುತ್ತದೋ ಏನೋ. ಬಡಿಯದಿದ್ದರೆ, ಪೂರ್ತಿ ಮಾತು ಹೇಳಿ ನಿಂತ ನನ್ನ ಮಗಳಿಗೆ ನಾನು ಬಾಗಿಲು ತೆಗೆಯಲೇಬೇಕು. ಅಜ್ಜಿಯೂ ಮೊರದ ಕಡೆ ನೋಡಿದಳು. ಕೊನೆಗೆ ಬಿದ್ದ ಎಳೆಯನ್ನು ನೆಲದಿಂದ ಎತ್ತಿಕೊಂಡು, "ಹುಡುಗಿ ಹೇಳಿ ಆಗೈತೆ ನಿಂಗಾಜಿ" ಅಂದಳು. "ತೆಗಿ."

ಅಗಳಿ ತೆಗೆದೆ. ದೇವೀರಿ ಹೊಸ್ತಿಲ ಆಚೆ ನಿಂತಿದ್ದಳು, ಶಾಲೆಯ ಚೀಲ ಬೆನ್ನಿಗೆ, ಕೂದಲ ತುಂಬ ಹನಿ. ಒಂದು ಕೈ ಪಕ್ಕಕ್ಕೆ ಚಾಚಿತ್ತು. ಮೊಣಕೈವರೆಗೆ ಕಾಣುತ್ತಿತ್ತು, ಅದರಾಚೆ ಬೆಳ್ಳಗೆ. ಅವಳು ನನ್ನ ಕಡೆ ನೋಡಲಿಲ್ಲ. ಕೈ ಹೋದ ಕಡೆಗೆ, ತನಗಿಂತ ಎತ್ತರದವರ ಮುಖ ನೋಡುವ ಹಾಗೆ ಕತ್ತು ಎತ್ತಿ ನಿಂತಿದ್ದಳು. ನಾನು ಅವಳ ರಟ್ಟೆ ಹಿಡಿದೆ. ಎಳೆದುಕೊಳ್ಳಬಹುದಿತ್ತು. ಹಿಡಿದುಕೊಂಡೇ ನಿಂತೆ.

ಹೊ, ಹೊ, ಅನ್ನುತ್ತಿತ್ತು ಆ ದನಿ. ಕೆರೆಯ ವಾಸನೆ ಒಳಗೆ ಬಂದು ಅಜ್ಜಿಯ ದೀಪ ಸಣ್ಣಗಾಯಿತು. ಎದುರು ಮನೆಯಲ್ಲಿ, ಅದರ ಪಕ್ಕದ ಮನೆಯಲ್ಲಿ, ಎಲ್ಲೂ ಸದ್ದಿಲ್ಲ. ಎಲ್ಲರೂ ಬಾಗಿಲ ಹಿಂದೆ ಕೇಳುತ್ತಾ ಕೂತಿದ್ದಾರೆ ಅಂತ ಗೊತ್ತಾಗುತ್ತಿತ್ತು.

"ಹೊನ್ನಯ್ಯನಾ?" ಅಂದಳು ಅಜ್ಜಿ ನನ್ನ ಬೆನ್ನ ಹಿಂದಿನಿಂದ, ತಡೆಯಲಾರದೆ. "ಹೊಂಬಮ್ಮನಾ? ಯಾರಪ್ಪಾ ನೀನು?"

"ಅಜ್ಜಿ, ಸು... ಸುಮ್ನಿರು" ಅಂದಳು ದೇವೀರಿ ತಿರುಗದೆಯೇ. "ಅವರೇ ಹೇಳ್ತಾರೆ."

ಎಳೆ ಹಾಕುವ ಸದ್ದು ಹಿಂದೆ ನಿಧಾನವಾಗಿ ಶುರುವಾಯಿತು. ದೇವೀರಿ ಉಸಿರು ಎಳೆದುಕೊಂಡು ಮೆಲ್ಲಗೆ ಬಿಟ್ಟಳು, ಅದಕ್ಕೆ ತೋರಿಸಿಕೊಡುವ ಹಾಗೆ. ಪಕ್ಕದಲ್ಲೂ ಒಂದು ಉಸಿರು ಎಳೆದುಕೊಂಡ ಸದ್ದು, ದೊಡ್ಡದು, ನೀರಿನೊಳಗಿಂದ ಎದ್ದವರದು. ಆಮೇಲೆ ಆ ದನಿ ಮತ್ತೆ ಹೊ ಅಂದಿತು, ನಿಂತಿತು, ಎರಡನೆಯ ಅಕ್ಷರಕ್ಕೆ ಬಂತು.

ನಾನು ಮಗಳ ರಟ್ಟೆ ಬಿಟ್ಟು, ಹೊಸ್ತಿಲಿನಿಂದ ಹಿಂದೆ ಸರಿದು, ಇಬ್ಬರು ಒಟ್ಟಿಗೆ ದಾಟುವಷ್ಟು ಜಾಗ ಬಿಟ್ಟು ನಿಂತೆ.